ಚೆಂಡಿಲ್ಲದ ಎಸೆತ

ಮೂರು ವರ್ಷದ ಮಗುವಿನ ಕೈಗೆ ಟೆನಿಸ್ ಚೆಂಡು ಕೊಟ್ಟು ಗೋಡೆಗೆ ಎಸೆಯಲು ಹೇಳಿ ನೋಡಿ. ಮಗು ಗೋಡೆಗೆ ಎದುರಾಗಿ ನೆಟ್ಟಗೆ ನಿಲ್ಲುತ್ತದೆ. ಪಾದಗಳೆರಡೂ ಇದ್ದಲ್ಲೇ ಇರುತ್ತವೆ. ಮೊಣಕೈ ಮಡಚಿ ಬಿಚ್ಚಿ ಚೆಂಡನ್ನು ಮುಂದಕ್ಕೆ ತಳ್ಳುತ್ತದೆ, ಅಷ್ಟೆ. ಅದೇ ಮಗುವಿಗೆ ಆಡಲು ಜಾಗ, ಜೊತೆಗಾರರು, ಚೆಂಡು ಮೂರೂ ಸಿಕ್ಕಿದ್ದರೆ ಏಳೆಂಟು ವರ್ಷ ತುಂಬುವ ಹೊತ್ತಿಗೆ ಎಸೆತದ ಚಹರೆಯೇ ಬದಲಾಗಿರುತ್ತದೆ. ಕೈ ಮೊದಲು ಕೆಳಗಿಳಿದು ಹಿಂದಕ್ಕೆ ಹೋಗುತ್ತದೆ. ಸೊಂಟವೂ ಭುಜವೂ ತಿರುಗಿ, ಎಸೆಯದ ಕೈಯ ಮಗ್ಗುಲು ಗೋಡೆಗೆ ಎದುರಾಗುತ್ತದೆ. ಬಲಗೈಯಿಂದ ಎಸೆಯುವ ಮಗು ಎಡಗಾಲನ್ನು ಮುಂದಿಟ್ಟು ಮೈಭಾರವನ್ನು ಅದರ ಮೇಲೆ ಹಾಕುತ್ತದೆ. ಚೆಂಡು ಕೈಬಿಟ್ಟ ಮೇಲೂ ತೋಳು ಅಲ್ಲಿಗೇ ನಿಲ್ಲದೆ ಎದೆಯನ್ನು ಓರೆಯಾಗಿ ದಾಟಿ ಎಡ ಸೊಂಟದ ಕಡೆಗೆ ಇಳಿಯುತ್ತದೆ.

ಮಕ್ಕಳ ಚಲನ ಕೌಶಲವನ್ನು ಅಳೆಯುವವರು ಎಸೆತದಲ್ಲಿ ಹುಡುಕುವುದು ಈ ನಾಲ್ಕು ಗುರುತುಗಳನ್ನೇ. ಅಮೆರಿಕದ ಡೇಲ್ ಉಲ್ರಿಕ್ 1985ರಲ್ಲಿ ಸಿದ್ಧಪಡಿಸಿ 2000ದಲ್ಲಿ ಪರಿಷ್ಕರಿಸಿದ ಪರೀಕ್ಷೆಯೊಂದು ಇದಕ್ಕಾಗಿ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಮೂರರಿಂದ ಹತ್ತು ವರ್ಷದ ಮಕ್ಕಳಿಗೆಂದು ಮಾಡಿದ ಆ ಪರೀಕ್ಷೆಯಲ್ಲಿ 12 ಕೌಶಲಗಳಿವೆ. ಓಡುವುದು, ಕುಂಟುವುದು, ಜಿಗಿಯುವುದು ಮೊದಲಾಗಿ ಮೈಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವ ಆರು. ಎಸೆಯುವುದು, ಹಿಡಿಯುವುದು, ಒದೆಯುವುದು, ಬ್ಯಾಟಿನಿಂದ ಹೊಡೆಯುವುದು, ಚೆಂಡನ್ನು ನೆಲಕ್ಕೆ ಪುಟಿಸುವುದು, ಉರುಳಿಸುವುದು ಎಂಬ ಚೆಂಡಿನ ಕೌಶಲಗಳು ಇನ್ನಾರು. ಚೆಂಡು ಎಷ್ಟು ದೂರ ಹೋಯಿತು, ಗುರಿಗೆ ತಾಗಿತೇ ಎಂದು ಪರೀಕ್ಷಕರು ಬರೆದುಕೊಳ್ಳುವುದಿಲ್ಲ. ಕಾಲು ಮುಂದೆ ಬಂತೇ, ಸೊಂಟ ತಿರುಗಿತೇ ಎಂದು ನೋಡಿ ಒಂದೋ ಸೊನ್ನೆಯೋ ಹಾಕುತ್ತಾರೆ. ಅಂದರೆ ಅವರು ಅಳೆಯುವುದು ಎಸೆತದ ಫಲವನ್ನಲ್ಲ, ಎಸೆಯುವ ಬಗೆಯನ್ನು. ಈ ಅಧ್ಯಾಯದುದ್ದಕ್ಕೂ ನೆನಪಿಟ್ಟುಕೊಳ್ಳಬೇಕಾದ ವ್ಯತ್ಯಾಸ ಇದು.

ಈ ಕೌಶಲಗಳು ವಯಸ್ಸಾದಂತೆ ತಾವಾಗಿಯೇ ಬಂದುಬಿಡುತ್ತವೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಎತ್ತರದ ವಿಷಯದಲ್ಲಿ ಅದು ನಿಜ, ಎಸೆತದ ವಿಷಯದಲ್ಲಿ ಅಲ್ಲ. ಕಲಿಯಲು ಅವಕಾಶ ಸಿಗದವರು ದೊಡ್ಡವರಾದ ಮೇಲೂ ಮೂರು ವರ್ಷದ ಮಗುವಿನ ಹಾಗೆಯೇ ಎಸೆಯುತ್ತಾರೆ. ಚೆಂಡಿನ ಕೌಶಲದಲ್ಲಿ ಹುಡುಗಿಯರು ಹುಡುಗರಿಗಿಂತ ಹಿಂದೆ ಎಂದು ಅನೇಕ ದೇಶಗಳ ಅಳತೆಗಳು ತೋರಿಸಿವೆ. ಪ್ರೌಢವಯಸ್ಸಿಗೆ ಮುಂಚೆ ಹುಡುಗ ಹುಡುಗಿಯರ ಮೈಕಟ್ಟಿನಲ್ಲಿ ಹೇಳಿಕೊಳ್ಳುವಂಥ ಅಂತರವಿರುವುದಿಲ್ಲ. ಹಾಗಾಗಿ ಈ ಹಿನ್ನಡೆಗೆ ದೊಡ್ಡ ಕಾರಣ ಯಾರ ಕೈಗೆ ಚೆಂಡು ಸಿಗುತ್ತದೆ, ಯಾರನ್ನು ಬೀದಿಗೆ ಬಿಡುತ್ತಾರೆ ಎಂಬುದೇ.

ಹೀಗಿರುವಾಗ, ಮನೆಯೊಳಗೇ ನಿಂತು, ಕೈಕಾಲು ಆಡಿಸಿ, ಪರದೆಯ ಮೇಲೆ ಟೆನಿಸ್ಸನ್ನೋ ಬೇಸ್‌ಬಾಲನ್ನೋ ಆಡಬಹುದಾದ ಯಂತ್ರ ಬಂದಾಗ ಪೋಷಕರಿಗೂ ಶಿಕ್ಷಕರಿಗೂ ಆಸೆ ಹುಟ್ಟಿದ್ದು ಸಹಜ. ಮಗು ಪರದೆ ಬಿಡುವುದಿಲ್ಲ ಎಂದಾದರೆ ಆ ಪರದೆಯೇ ಅದರ ಮೈಯನ್ನು ಪಳಗಿಸಬಾರದೇ? ಇದು ಒಳ್ಳೆಯ ಪ್ರಶ್ನೆ. ಉತ್ತರ ಹುಡುಕಲು ಸಂಶೋಧಕರು ಕಳೆದ ಎರಡು ದಶಕಗಳಲ್ಲಿ ಸಾಕಷ್ಟು ದುಡಿದಿದ್ದಾರೆ.

ಯಂತ್ರಕ್ಕೆ ಕಾಣುವುದೇನು?

ಮೈ ಕುಣಿಸುವ ವಿಡಿಯೊ ಗೇಮ್‌ಗಳ ಕಥೆ ಹಳೆಯದು. ಜಪಾನಿನ ಕೊನಾಮಿ ಕಂಪನಿ 1998ರಲ್ಲಿ ತಂದ ‘ಡಾನ್ಸ್ ಡಾನ್ಸ್ ರೆವಲ್ಯೂಷನ್’ ಆಟದಲ್ಲಿ, ಪರದೆಯ ಮೇಲೆ ಬಾಣಗಳು ಬಂದ ಹಾಗೆ ಕಾಲಡಿಯ ಚೌಕಗಳನ್ನು ಸರಿಯಾದ ಹೊತ್ತಿಗೆ ತುಳಿಯಬೇಕಿತ್ತು. ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯ 2006ರಲ್ಲಿ ಇದನ್ನು ತನ್ನ ಎಲ್ಲ 765 ಸರ್ಕಾರಿ ಶಾಲೆಗಳಿಗೆ ತರುವ ಯೋಜನೆ ಪ್ರಕಟಿಸಿತು. ಅದೇ ವರ್ಷ ನವೆಂಬರಿನಲ್ಲಿ ನಿಂಟೆಂಡೊ ಕಂಪನಿಯ, ಕೈಯಲ್ಲಿ ರಿಮೋಟ್ ಹಿಡಿದು ಬೀಸಿ ಆಡುವ ‘ವೀ’ ಯಂತ್ರ ಮಾರುಕಟ್ಟೆಗೆ ಬಂತು. 2010ರ ನವೆಂಬರಿನಲ್ಲಿ ಮೈಕ್ರೊಸಾಫ್ಟ್, ಆಟಗಾರನ ಮೈಯನ್ನೇ ಕ್ಯಾಮೆರಾದಿಂದ ಗಮನಿಸುವ ‘ಕಿನೆಕ್ಟ್’ ಬಿಡುಗಡೆ ಮಾಡಿತು. ಮೊದಲ 60 ದಿನಗಳಲ್ಲೇ ಅದು 80 ಲಕ್ಷ ಮಾರಾಟವಾಯಿತು.

ಈ ಯಂತ್ರಗಳೆಲ್ಲ ಆಟಗಾರನ ಚಲನೆಯನ್ನು ಗ್ರಹಿಸುತ್ತವೆ ಎನ್ನುತ್ತೇವೆ. ಆದರೆ ಒಂದೊಂದಕ್ಕೂ ಕಾಣುವುದು ಆ ಚಲನೆಯ ಒಂದೊಂದು ಸಣ್ಣ ಚೂರು ಮಾತ್ರ. ‘ವೀ’ ರಿಮೋಟಿನ ಒಳಗಿನ ಚಿಪ್‌ನಲ್ಲಿ ಸಿಲಿಕಾನಿನ ಅತಿ ಸಣ್ಣ ತುಂಡೊಂದು ಸ್ಪ್ರಿಂಗಿನಂಥ ಕಡ್ಡಿಗಳ ಮೇಲೆ ತೂಗುತ್ತಿರುತ್ತದೆ. ರಿಮೋಟನ್ನು ಬೀಸಿದಾಗ ಆ ತುಂಡು ಕೂದಲೆಳೆಗಿಂತ ಕಡಿಮೆ ಅಂತರ ಹಿಂದೆ ಸರಿಯುತ್ತದೆ. ಎಷ್ಟು ಸರಿಯಿತು ಎನ್ನುವುದನ್ನು ವಿದ್ಯುತ್ತಿನಿಂದ ಅಳೆದು, ರಿಮೋಟಿನ ವೇಗ ಎಷ್ಟು ಥಟ್ಟನೆ ಬದಲಾಯಿತು ಎಂದು ಲೆಕ್ಕ ಹಾಕುತ್ತಾರೆ. ಇದನ್ನೇ ಆಕ್ಸಿಲರೊಮೀಟರ್ ಎನ್ನುವುದು. ಅದಕ್ಕೆ ಗೊತ್ತಾಗುವುದು ರಿಮೋಟಿನ ಅಲುಗಾಟ. ಆ ಅಲುಗಾಟ ಇಡೀ ತೋಳಿನಿಂದ ಬಂತೋ ಬರೀ ಮಣಿಕಟ್ಟಿನಿಂದ ಬಂತೋ ಅದಕ್ಕೆ ತಿಳಿಯದು. ಆಟಗಾರರು ಇದನ್ನು ಬೇಗ ಕಂಡುಕೊಂಡರು. ಸೋಫಾದ ಮೇಲೆ ಕೂತು ಮಣಿಕಟ್ಟನ್ನು ಚಕ್ಕೆಂದು ತಿರುಗಿಸಿದರೂ ಪರದೆಯ ಮೇಲಿನ ಆಟಗಾರ ಭರ್ಜರಿಯಾಗಿ ಬೀಸಿ ಹೊಡೆಯುತ್ತಿದ್ದ.

‘ಕಿನೆಕ್ಟ್’ ಇದಕ್ಕಿಂತ ಬಹಳ ಮುಂದೆ ಹೋಯಿತು. ಅದು ಕಣ್ಣಿಗೆ ಕಾಣದ ಅವಗೆಂಪು ಬೆಳಕಿನ ಸಾವಿರಾರು ಚುಕ್ಕಿಗಳನ್ನು ಕೋಣೆಯ ತುಂಬ ಚೆಲ್ಲುತ್ತಿತ್ತು. ಆ ಚುಕ್ಕಿಗಳ ವಿನ್ಯಾಸ ಎಲ್ಲೆಲ್ಲಿ ಹೇಗೆ ಪಲ್ಲಟವಾಗಿದೆ ಎಂದು ಕ್ಯಾಮೆರಾದಿಂದ ಓದಿ, ಎದುರಿಗಿರುವುದು ಎಷ್ಟೆಷ್ಟು ದೂರದಲ್ಲಿದೆ ಎಂದು ಸೆಕೆಂಡಿಗೆ 30 ಬಾರಿ ಲೆಕ್ಕ ಹಾಕುತ್ತಿತ್ತು. ಆ ಲೆಕ್ಕದಿಂದ ಆಟಗಾರನ ಮೈಯಲ್ಲಿ 20 ಕೀಲುಗಳನ್ನು ಗುರುತಿಸಿ ಕಡ್ಡಿಗೊಂಬೆಯಂಥ ಅಸ್ಥಿಪಂಜರ ಕಟ್ಟುತ್ತಿತ್ತು. ಆದರೆ ಆ ಅಸ್ಥಿಪಂಜರದಲ್ಲಿ ಬೆರಳುಗಳಿರಲಿಲ್ಲ. ಇಡೀ ಅಂಗೈ ಒಂದೇ ಒಂದು ಬಿಂದು.

ಎಸೆತದಲ್ಲಿ ಬೆರಳುಗಳ ಪಾತ್ರವನ್ನು ಯೋಚಿಸಿ. ತೋಳು ಮುಂದಕ್ಕೆ ಬೀಸಿ ಬರುವಾಗ ಚೆಂಡನ್ನು ಯಾವ ಕ್ಷಣದಲ್ಲಿ ಬಿಡಬೇಕು ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಕೊಂಚ ಮೊದಲು ಬಿಟ್ಟರೆ ಚೆಂಡು ಆಕಾಶಕ್ಕೆ, ಕೊಂಚ ತಡವಾದರೆ ನೆಲಕ್ಕೆ. ಪಳಗಿದ ಕೈಯಲ್ಲಿ ಈ ಹದ ಕೆಲವೇ ಮಿಲಿಸೆಕೆಂಡುಗಳಷ್ಟು ಸೂಕ್ಷ್ಮ. ಬೆರಳುಗಳು ಬಿಚ್ಚಬೇಕಾದ ಆ ಕ್ಷಣವನ್ನು ಯಂತ್ರ ನೋಡುವುದೇ ಇಲ್ಲ ಎಂದಮೇಲೆ ಅದು ತಪ್ಪಿತೆಂದು ಮಗುವಿಗೆ ಹೇಳುವುದಾದರೂ ಹೇಗೆ? ಮುಷ್ಟಿ ಬಿಗಿಹಿಡಿದೇ ಕೈ ಬೀಸಿದರೂ ಪರದೆಯ ಮೇಲೆ ಚೆಂಡು ಹಾರುತ್ತದೆ.

ಮೈ ಕಲಿಯುವುದು ತಪ್ಪಿನಿಂದ

ಇದು ಯಾಕೆ ಇಷ್ಟು ಮುಖ್ಯ ಎಂದು ತಿಳಿಯಲು ಮೈ ಹೇಗೆ ಕಲಿಯುತ್ತದೆ ಎಂಬುದನ್ನು ನೋಡಬೇಕು. ನ್ಯೂಯಾರ್ಕಿನ ಕ್ಯಾರೆನ್ ಅಡಾಲ್ಫ್ ಮತ್ತು ಸಂಗಡಿಗರು ನಡೆಯಲು ಕಲಿಯುತ್ತಿರುವ 12ರಿಂದ 19 ತಿಂಗಳ ಮಕ್ಕಳನ್ನು ಆಡಲು ಬಿಟ್ಟು, ಅವುಗಳ ಹೆಜ್ಜೆಗಳನ್ನೂ ಬೀಳುವುದನ್ನೂ ಎಣಿಸಿದರು. 2012ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ ಒಂದು ಗಂಟೆಯಲ್ಲಿ ಮಗು ಸರಾಸರಿ 2,368 ಹೆಜ್ಜೆ ಇಡುತ್ತದೆ, 17 ಬಾರಿ ಬೀಳುತ್ತದೆ. ಬಿದ್ದದ್ದು ಮಗುವಿಗೆ ಆಗಿಂದಾಗ್ಗೆ ಗೊತ್ತಾಗುತ್ತದೆ. ಎಲ್ಲಿ ತಪ್ಪಾಯಿತು ಎಂಬ ಸುದ್ದಿ ಪಾದದಿಂದ, ಮಂಡಿಯಿಂದ, ಒಳಕಿವಿಯಿಂದ, ಕಣ್ಣಿನಿಂದ ಒಟ್ಟಿಗೇ ಮೆದುಳಿಗೆ ತಲುಪುತ್ತದೆ.

ಆ ಸುದ್ದಿಯನ್ನು ಸಂಭಾಳಿಸುವ ಮುಖ್ಯ ಜಾಗ ತಲೆಯ ಹಿಂಬದಿಯಲ್ಲಿರುವ ಕಿರುಮೆದುಳು. ಗಾತ್ರದಲ್ಲಿ ಕಿರಿದು ನಿಜ, ಆದರೆ ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ ಸುಮಾರು 6,900 ಕೋಟಿ ಇರುವುದು ಅಲ್ಲೇ. ಕೈಗೆ ‘ಬೀಸು’ ಎಂಬ ಆಜ್ಞೆ ಹೊರಟಾಗ ಅದರ ಒಂದು ಪ್ರತಿ ಕಿರುಮೆದುಳಿಗೂ ಹೋಗುತ್ತದೆ. ಈ ಆಜ್ಞೆಯಿಂದ ಮೈಗೆ ಏನೇನು ಅನುಭವವಾಗಬೇಕು ಎಂದು ಅದು ಮುಂಚಿತವಾಗಿಯೇ ಅಂದಾಜು ಕಟ್ಟುತ್ತದೆ. ಸ್ನಾಯು, ಕೀಲು, ಚರ್ಮ, ಕಣ್ಣುಗಳಿಂದ ನಿಜವಾದ ವರದಿ ಬಂದಾಗ ಎರಡನ್ನೂ ತಾಳೆ ನೋಡುತ್ತದೆ. ವ್ಯತ್ಯಾಸ ಕಂಡರೆ ಮುಂದಿನ ಆಜ್ಞೆ ತುಸು ತಿದ್ದುಪಡಿಯಾಗುತ್ತದೆ. ಸಾವಿರಾರು ತಿದ್ದುಪಡಿಗಳ ಮೊತ್ತವೇ ಕೌಶಲ. ವ್ಯತ್ಯಾಸ ಕಾಣದಿದ್ದರೆ ತಿದ್ದಲು ಏನೂ ಇರುವುದಿಲ್ಲ.

ನಿಜವಾದ ಟೆನಿಸ್ ಚೆಂಡಿನ ತೂಕ 56ರಿಂದ 59 ಗ್ರಾಂ. ಅಷ್ಟು ತೂಕ ಕೈಯಲ್ಲಿದ್ದಾಗ ಭುಜದ ಸ್ನಾಯುಗಳು ಎಳೆತವನ್ನು ಅನುಭವಿಸುತ್ತವೆ, ಬಿಟ್ಟೊಡನೆ ಹಗುರವನ್ನು ಅನುಭವಿಸುತ್ತವೆ. ಚೆಂಡು ಎಲ್ಲಿ ಬಿತ್ತು ಎನ್ನುವುದು ಆ ಎಸೆತದ ತೀರ್ಪು. ಸೊಂಟ ತಿರುಗದಿದ್ದರೆ ಚೆಂಡು ದೂರ ಹೋಗದು, ಕಾಲು ಮುಂದೆ ಬರದಿದ್ದರೆ ಮೈ ವಾಲುತ್ತದೆ. ಭೌತಶಾಸ್ತ್ರವೇ ಇಲ್ಲಿ ಮೇಷ್ಟ್ರು. ಬರಿಗೈ ಎಸೆತದಲ್ಲಿ ತೂಕವಿಲ್ಲ, ಬಿಡುವ ಕ್ಷಣವಿಲ್ಲ, ಬಂದ ತೀರ್ಪೂ ಸಾಫ್ಟ್‌ವೇರ್ ಬರೆದವರ ಔದಾರ್ಯಕ್ಕೆ ಬಿಟ್ಟಿದ್ದು. ಆಟ ಬೇಸರ ತರಿಸಬಾರದೆಂದು ಅವರು ಅರೆಬರೆ ಬೀಸನ್ನೂ ಪೂರ್ಣ ಹೊಡೆತ ಎಂದು ಒಪ್ಪಿಕೊಳ್ಳುತ್ತಾರೆ.

ಇನ್ನೊಂದು ಮಾತನ್ನು ಸುಮಾರು ನೂರು ವರ್ಷದ ಹಿಂದೆಯೇ ರಷ್ಯಾದ ನಿಕೊಲಾಯ್ ಬರ್ನ್‌ಸ್ಟೈನ್ ಕಂಡುಕೊಂಡಿದ್ದರು. 1920ರ ದಶಕದಲ್ಲಿ ಮಾಸ್ಕೋದ ಕೇಂದ್ರ ಕಾರ್ಮಿಕ ಸಂಸ್ಥೆಯಲ್ಲಿ ಅವರು ಉಳಿಗೆ ಸುತ್ತಿಗೆ ಹೊಡೆಯುವ ಕೆಲಸಗಾರರ ಕೀಲುಗಳಿಗೆ ಸಣ್ಣ ಬಲ್ಬು ಕಟ್ಟಿ, ಚಲನೆಯ ಜಾಡನ್ನು ಫೋಟೊ ತೆಗೆದರು. ನುರಿತ ಕೆಲಸಗಾರನ ಸುತ್ತಿಗೆ ಪ್ರತಿ ಸಲವೂ ಉಳಿಯ ತಲೆಗೇ ಬೀಳುತ್ತಿತ್ತು. ಆದರೆ ಭುಜ, ಮೊಣಕೈ, ಮಣಿಕಟ್ಟುಗಳ ಜಾಡು ಒಂದು ಸಲದಂತೆ ಇನ್ನೊಂದು ಸಲ ಇರಲಿಲ್ಲ. ಕೌಶಲ ಎಂದರೆ ಒಂದೇ ಚಲನೆಯ ಉರು ಹೊಡೆತವಲ್ಲ ಎಂದು ಇದರಿಂದ ಸ್ಪಷ್ಟವಾಯಿತು. ಒಂದು ಕೀಲು ಕೊಂಚ ತಪ್ಪಿದರೆ ಇನ್ನೊಂದು ಕೀಲು ಅದನ್ನು ತುಂಬಿಕೊಡುತ್ತದೆ. ಹೀಗೆ ತುಂಬಿಕೊಡುವ ಶಕ್ತಿ ಬೆಳೆಯಬೇಕಾದರೆ ಪ್ರತಿ ಸಲವೂ ಸಮಸ್ಯೆ ತುಸು ಬೇರೆಯಾಗಿ ಎದುರಾಗಬೇಕು. ಬೀದಿಯ ಚೆಂಡು ಕಲ್ಲಿಗೆ ಬಡಿದು ಅಡ್ಡ ಪುಟಿಯುತ್ತದೆ, ಒದ್ದೆಯಾದರೆ ಜಾರುತ್ತದೆ, ಎದುರಾಳಿ ಕೊನೆಯ ಕ್ಷಣದಲ್ಲಿ ಪಕ್ಕಕ್ಕೆ ಸರಿಯುತ್ತಾನೆ.

ಲಗೋರಿಯನ್ನೇ ತೆಗೆದುಕೊಳ್ಳಿ. ಪೇರಿಸಿಟ್ಟ ಬಿಲ್ಲೆಗಳಿಗೆ ಗುರಿಯಿಟ್ಟು ಎಸೆಯಬೇಕು, ಪುಟಿದು ಬಂದ ಚೆಂಡನ್ನು ಹಿಡಿಯಬೇಕು, ಓಡುವವನ ಬೆನ್ನಿಗೆ ಎಸೆಯಬೇಕು, ತಪ್ಪಿಸಿಕೊಳ್ಳಬೇಕು. ಕುಂಟೆಬಿಲ್ಲೆಯಲ್ಲಿ ಒಂಟಿಕಾಲಿನ ಜಿಗಿತವೂ ಬಿಲ್ಲೆಯನ್ನು ಹದವಾಗಿ ಎಸೆಯುವುದೂ ಒಂದರ ಹಿಂದೆ ಒಂದು ಬರುತ್ತವೆ. ಉಲ್ರಿಕ್ ಅವರ ಪಟ್ಟಿಯ ಅನೇಕ ಕೌಶಲಗಳು ನಮ್ಮ ಅಂಗಳದ ಆಟಗಳಲ್ಲಿ ಹೀಗೆ ಅಡಕವಾಗಿವೆ. ಗೆರೆ ತುಳಿದರೆ, ಗುರಿ ತಪ್ಪಿದರೆ ಹೇಳುವವರು ಸುತ್ತಲೂ ಇರುತ್ತಾರೆ.

ಪರೀಕ್ಷೆಗೆ ಒಡ್ಡಿದಾಗ

ಇಷ್ಟೆಲ್ಲ ಸಿದ್ಧಾಂತವಾಯಿತು. ಪ್ರಯೋಗಗಳು ಏನು ಹೇಳುತ್ತವೆ?

ಮೊದಲಿಗೆ ಆಶಾದಾಯಕ ಸುಳಿವೊಂದು ಸಿಕ್ಕಿತ್ತು. ಆಸ್ಟ್ರೇಲಿಯದ ಲೀಸಾ ಬಾರ್ನೆಟ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ಆಟಗಳನ್ನು ಹೆಚ್ಚು ಆಡುವ ಪುಟ್ಟ ಮಕ್ಕಳ ಚೆಂಡಿನ ಕೌಶಲ ತುಸು ಉತ್ತಮವಾಗಿತ್ತು. ಆದರೆ ಎರಡು ಸಂಗತಿ ಒಟ್ಟಿಗೆ ಕಂಡಮಾತ್ರಕ್ಕೆ ಒಂದರಿಂದ ಇನ್ನೊಂದು ಆಯಿತು ಎನ್ನಲಾಗದು. ಚೆಂಡಾಟದಲ್ಲಿ ಮೊದಲೇ ಚುರುಕಾಗಿರುವ ಮಕ್ಕಳು ಇಂಥ ಆಟಗಳತ್ತ ಒಲಿದಿರಬಹುದು. ಬಾರ್ನೆಟ್ ಅವರ ತಂಡ ಇದನ್ನು ಬಗೆಹರಿಸಲು ನೇರ ಪ್ರಯೋಗಕ್ಕೇ ಇಳಿಯಿತು. ನಾಲ್ಕರಿಂದ ಎಂಟು ವರ್ಷದ ಮಕ್ಕಳಲ್ಲಿ ಒಂದು ಗುಂಪಿಗೆ ವಾರಕ್ಕೆ ಒಂದು ಗಂಟೆಯಂತೆ ಆರು ವಾರ ಕ್ರೀಡೆಯ ವಿಡಿಯೊ ಗೇಮ್ ಆಡಲು ಕೊಟ್ಟರು. ಇನ್ನೊಂದು ಗುಂಪಿಗೆ ಕೊಡಲಿಲ್ಲ. ಮೊದಲೂ ಕೊನೆಗೂ ಉಲ್ರಿಕ್ ಪರೀಕ್ಷೆಯಿಂದ ಅಳೆದರು. 2015ರಲ್ಲಿ ಪ್ರಕಟವಾದ ಫಲಿತಾಂಶ ಇಷ್ಟು: ಎರಡೂ ಗುಂಪುಗಳ ಮಕ್ಕಳು ಒಂದಿಷ್ಟು ಸುಧಾರಿಸಿದ್ದರು, ಗೇಮ್ ಆಡಿದವರು ಆಡದವರಿಗಿಂತ ಹೆಚ್ಚೇನೂ ಸುಧಾರಿಸಿರಲಿಲ್ಲ. ‘ಕಿನೆಕ್ಟ್’ ಆಡುವ ಮಕ್ಕಳನ್ನು ಗಮನಿಸಿದ ಮತ್ತೊಂದು ಅಧ್ಯಯನದಲ್ಲಿ ಕಾರಣವೂ ಕಣ್ಣಿಗೆ ಬಿತ್ತು. ಪರದೆಯ ಮುಂದೆ ಬ್ಯಾಟ್ ಬೀಸುವಾಗ ಮಕ್ಕಳು ಆ ಕೌಶಲಕ್ಕೆ ಬೇಕಾದ ಎಲ್ಲ ಹಂತಗಳನ್ನೂ ಮಾಡುತ್ತಿರಲಿಲ್ಲ. ಮಾಡದಿದ್ದರೂ ಆಟ ಮುಂದುವರಿಯುತ್ತಿತ್ತು.

ಇದಕ್ಕೆ ವ್ಯತಿರಿಕ್ತವಾದ ಫಲಿತಾಂಶವೂ ಇದೆ, ಅದನ್ನು ಬದಿಗಿಡುವಂತಿಲ್ಲ. ಗ್ರೀಸಿನ ಥ್ರೇಸ್ ವಿಶ್ವವಿದ್ಯಾಲಯದ ನಿಕೊಲಾವೋಸ್ ವೆರ್ನಡಾಕಿಸ್ ತಂಡ 66 ಶಾಲಾ ಮಕ್ಕಳನ್ನು ಮೂರು ಗುಂಪು ಮಾಡಿತು. ಒಂದಕ್ಕೆ ‘ಕಿನೆಕ್ಟ್’ ಆಧರಿಸಿದ ಎಂಟು ವಾರದ ತರಬೇತಿ, ಇನ್ನೊಂದಕ್ಕೆ ಮಾಮೂಲು ಚೆಂಡಿನ ತರಬೇತಿ, ಮೂರನೆಯದಕ್ಕೆ ಏನೂ ಇಲ್ಲ. ತರಬೇತಿ ಪಡೆದ ಎರಡೂ ಗುಂಪುಗಳು ಮೂರನೆಯದನ್ನು ಹಿಂದೆ ಹಾಕಿದವು. ಇದು ಬಾರ್ನೆಟ್ ಅವರ ಫಲಿತಾಂಶಕ್ಕೆ ವಿರೋಧ ಎಂದು ನನಗೆ ಅನ್ನಿಸುವುದಿಲ್ಲ. ಒಂದು ಕಡೆ ಮಕ್ಕಳಿಗೆ ಸಿಕ್ಕಿದ್ದು ಆಟ. ಇನ್ನೊಂದು ಕಡೆ ಚೆಂಡಿನ ಕೌಶಲಗಳನ್ನೇ ಗುರಿಯಾಗಿಟ್ಟುಕೊಂಡು ಹೆಣೆದ ಪಾಠಕ್ರಮ, ಅದರೊಳಗೆ ಉಪಕರಣವಾಗಿ ಆಟ. ಯಾವ ಚಲನೆಯನ್ನು, ಯಾವ ಕ್ರಮದಲ್ಲಿ, ಎಷ್ಟು ಸಲ ಮಾಡಬೇಕೆಂದು ಬಲ್ಲವರು ಮೊದಲೇ ಯೋಚಿಸಿಟ್ಟಾಗ ಯಂತ್ರ ಬಿಟ್ಟ ಖಾಲಿ ಜಾಗ ಸ್ವಲ್ಪವಾದರೂ ತುಂಬುತ್ತದೆ.

ಬೆವರಿನ ಲೆಕ್ಕ ಇದಕ್ಕಿಂತ ಸರಳ. ಲಿವರ್‌ಪೂಲಿನ ಲೀ ಗ್ರೇವ್ಸ್ ಮತ್ತು ಸಂಗಡಿಗರು 13ರಿಂದ 15 ವರ್ಷದ 11 ಮಂದಿಯನ್ನು ಅಳೆದು 2007ರಲ್ಲಿ ಪ್ರಕಟಿಸಿದಂತೆ, ಕೂತು ಆಡುವ ಆಟಕ್ಕಿಂತ ‘ವೀ’ ಆಟಗಳಲ್ಲಿ ಕನಿಷ್ಠ ಶೇ 51ರಷ್ಟು ಹೆಚ್ಚು ಶಕ್ತಿ ವ್ಯಯವಾಗುತ್ತಿತ್ತು. ಹಾಗಿದ್ದೂ ಅದು ನಿಜವಾದ ಕ್ರೀಡೆಯ ಮಟ್ಟಕ್ಕೆ ಏರುತ್ತಿರಲಿಲ್ಲ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಟಾಮ್ ಬರನೋವ್‌ಸ್ಕಿ ತಂಡ 9ರಿಂದ 12 ವರ್ಷದ ಮಕ್ಕಳ ಮನೆಗೇ ‘ವೀ’ ಕೊಟ್ಟು 13 ವಾರ ನೋಡಿತು. ಕೆಲವರಿಗೆ ಮೈ ಕುಣಿಸುವ ಆಟ, ಕೆಲವರಿಗೆ ಕೂತು ಆಡುವ ಆಟ. 2012ರಲ್ಲಿ ವರದಿಯಾದಂತೆ ಎರಡು ಗುಂಪುಗಳ ದಿನನಿತ್ಯದ ಚಟುವಟಿಕೆಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಐದರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಚೆನ್ನಾಗಿ ಮೈದಣಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ಆ 60 ನಿಮಿಷವನ್ನು ಯಂತ್ರದ ಹೆಗಲಿಗೆ ಹಾಕಿ ನಿಶ್ಚಿಂತೆಯಾಗಿರಲು ಬರುವುದಿಲ್ಲ.

ಹಲಗೆ ಕಲಿಸುವ ಪಾಠ

ಇಲ್ಲಿಗೆ ನಿಲ್ಲಿಸಿದರೆ ಯಂತ್ರಕ್ಕೆ ಅನ್ಯಾಯವಾಗುತ್ತದೆ. ಯಾಕೆಂದರೆ ಒಂದು ಕೌಶಲದಲ್ಲಿ ಅದು ನಿಜಕ್ಕೂ ಒಳ್ಳೆಯ ಗುರು. ಅದು ಸಮತೋಲನ.

ನಿಂಟೆಂಡೊ 2007ರ ಕೊನೆಯಲ್ಲಿ ಜಪಾನಿನಲ್ಲಿ, ಮರುವರ್ಷ ಬೇರೆ ದೇಶಗಳಲ್ಲಿ ‘ವೀ ಫಿಟ್’ ಜೊತೆಗೆ ಹಲಗೆಯೊಂದನ್ನು ಮಾರಾಟಕ್ಕಿಟ್ಟಿತು. ಬಚ್ಚಲಿನ ತೂಕದ ಯಂತ್ರದ ಹಾಗೆ ಕಾಣುವ ಆ ಹಲಗೆಯ ನಾಲ್ಕು ಮೂಲೆಗಳಲ್ಲಿ ಒಂದೊಂದು ಒತ್ತಡದ ಸೆನ್ಸರ್ ಇದೆ. ಅದರ ಮೇಲೆ ನಿಂತವರ ಭಾರ ನಾಲ್ಕಕ್ಕೂ ಹೇಗೆ ಹಂಚಿಕೆಯಾಗಿದೆ ಎಂದು ನೋಡಿ, ಮೈಭಾರದ ಒತ್ತು ಸರಿಯಾಗಿ ಎಲ್ಲಿ ಬಿದ್ದಿದೆ ಎಂದು ಕ್ಷಣಕ್ಷಣವೂ ಲೆಕ್ಕ ಹಾಕಬಹುದು. ಮೆಲ್ಬರ್ನಿನ ರಾಸ್ ಕ್ಲಾರ್ಕ್ ಮತ್ತು ಸಂಗಡಿಗರು ಈ ಹಲಗೆಯನ್ನು ಪ್ರಯೋಗಾಲಯದ ದುಬಾರಿ ಬಲಮಾಪಕ ಫಲಕದೊಂದಿಗೆ ಹೋಲಿಸಿ ನೋಡಿದರು. ನಿಂತ ಭಂಗಿಯ ಸಮತೋಲನ ಅಳೆಯಲು ಆಟದ ಹಲಗೆಯೂ ನಂಬಲರ್ಹ ಎಂದು 2010ರಲ್ಲಿ ವರದಿ ಮಾಡಿದರು.

ಎಸೆತಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಿ. ಸಮತೋಲನ ಎಂದರೆ ಪಾದದಡಿಯ ಒತ್ತಡದ ಬಿಂದುವನ್ನು ಹದ್ದಿನಲ್ಲಿಡುವುದೇ. ಹಲಗೆ ಅಳೆಯುವುದೂ ಅದನ್ನೇ. ಮಗು ಎಡಕ್ಕೆ ಒಂದು ಬೆರಳಿನಷ್ಟು ವಾಲಿದರೆ ಪರದೆಯ ಚುಕ್ಕಿಯೂ ಎಡಕ್ಕೆ ಸರಿಯುತ್ತದೆ. ಕಣ್ಣು ಮುಚ್ಚಿ ಒಂಟಿಕಾಲಲ್ಲಿ ನಿಂತವರಿಗೂ ಗೊತ್ತಾಗದ ಸಣ್ಣ ಓಲಾಟ ಇಲ್ಲಿ ಬಣ್ಣದಲ್ಲಿ ಕಾಣುತ್ತದೆ. ತಪ್ಪು ಮೈಯಲ್ಲಿ ಆದದ್ದೂ ಯಂತ್ರ ತೋರಿಸಿದ್ದೂ ಒಂದೇ. ಮೋಸ ಮಾಡಿ ಗೆಲ್ಲುವ ದಾರಿ ಕಡಿಮೆ. ಹೀಗಾಗಿ ಚಲನೆಯಲ್ಲಿ ತೊಡಕಿರುವ ಮಕ್ಕಳಿಗೆ ಕೆಲವು ವಾರ ಈ ಹಲಗೆಯ ಆಟಗಳನ್ನು ಆಡಿಸಿದ ಹಲವು ಅಧ್ಯಯನಗಳಲ್ಲಿ ಸಮತೋಲನ ಸುಧಾರಿಸಿತು. ಸೆರೆಬ್ರಲ್ ಪಾಲ್ಸಿ ಇರುವ ಹದಿಹರೆಯದವರೊಬ್ಬರ ಚಿಕಿತ್ಸೆಯಲ್ಲಿ ‘ವೀ’ ಬಳಸಿದ ವರದಿಯನ್ನು ಜೂಡಿತ್ ಡಾಯ್ಚ್ ಮತ್ತು ಸಂಗಡಿಗರು 2008ರಲ್ಲೇ ಪ್ರಕಟಿಸಿದರು. ಅಲ್ಲಿಂದ ಮುಂದೆ ಫಿಸಿಯೊಥೆರಪಿಸ್ಟರ ಕೋಣೆಗಳಲ್ಲಿ ಇಂಥ ಆಟಗಳು ಜಾಗ ಪಡೆದವು. ಅಲ್ಲಿ ಮಗುವಿನ ಪಕ್ಕದಲ್ಲಿ ತಜ್ಞರೊಬ್ಬರು ನಿಂತಿರುತ್ತಾರೆ. ಯಂತ್ರಕ್ಕೆ ಕಾಣದ್ದನ್ನು ಅವರ ಕಣ್ಣು ನೋಡುತ್ತದೆ. ಅದೇ ವ್ಯಾಯಾಮವನ್ನು ನೂರು ಸಲ ಮಾಡು ಎಂದರೆ ಅಳುವ ಮಗು ಆಟವೆಂದರೆ ಮಾಡುತ್ತದೆ. ನೋವಿನಿಂದ ಕಲಿಯುತ್ತಿರುವ ಮಗುವಿಗೆ ಇದು ಸಣ್ಣ ವರವಲ್ಲ.

ಮೆದುಳಿಗೂ ಕೈಕಾಲಿಗೂ ಹೊಂದಾಣಿಕೆ ಬಾರದ ತೊಂದರೆ ಶಾಲಾ ವಯಸ್ಸಿನ ನೂರು ಮಕ್ಕಳಲ್ಲಿ ಐದಾರು ಮಂದಿಗೆ ಇರುತ್ತದೆ ಎಂದು ಅಂದಾಜು. ಗುಂಡಿ ಹಾಕಲು, ಚೆಂಡು ಹಿಡಿಯಲು, ನೇರ ಬರೆಯಲು ತಡವರಿಸುವ ಈ ಮಕ್ಕಳನ್ನು ಸೋಮಾರಿ, ಪೆದ್ದು ಎಂದು ಬೈದು ಕೂರಿಸುವುದು ನಮ್ಮಲ್ಲಿ ಮಾಮೂಲು. ಇಂಥ ತೊಂದರೆಯ ಸಾಧ್ಯತೆಯಿದ್ದ 21 ಮಕ್ಕಳೊಂದಿಗೆ ಆಸ್ಟ್ರೇಲಿಯದ ಪರ್ತ್‌ನಲ್ಲಿ ಲಿಯನ್ ಸ್ಟ್ರೇಕರ್ ತಂಡ ಮಾಡಿದ ಪ್ರಯೋಗ 2015ರಲ್ಲಿ ಪ್ರಕಟವಾಯಿತು. ಪ್ರತಿ ಮಗುವೂ 16 ವಾರ ಮನೆಯಲ್ಲಿ ಈ ಆಟಗಳನ್ನು ಆಡಿತು, ಇನ್ನು 16 ವಾರ ಆಡಲಿಲ್ಲ. ಕೌಶಲದ ಅಳತೆಯಲ್ಲಿ ಗಣನೀಯ ಬದಲಾವಣೆ ಕಾಣಲಿಲ್ಲ. ಆದರೆ ತಮ್ಮ ಮೈ ಮೊದಲಿಗಿಂತ ಚೆನ್ನಾಗಿ ಮಾತು ಕೇಳುತ್ತಿದೆ ಎಂದು ಮಕ್ಕಳಿಗೆ ಅನ್ನಿಸಿತ್ತು.

ಈ ಅನಿಸಿಕೆಯನ್ನು ಹುಸಿ ಎಂದು ತಳ್ಳಿಹಾಕಬಾರದು. ಡೇವಿಡ್ ಸ್ಟಾಡನ್ ಮತ್ತು ಸಂಗಡಿಗರು 2008ರಲ್ಲಿ ಮುಂದಿಟ್ಟ ವಾದವೊಂದು ಈ ಕ್ಷೇತ್ರದ ಚಿಂತನೆಯನ್ನೇ ತಿರುಗಿಸಿತು. ತನಗೆ ಬರುತ್ತದೆ ಎಂದುಕೊಂಡ ಮಗು ಆಟಕ್ಕೆ ಇಳಿಯುತ್ತದೆ, ಇಳಿದರೆ ಕಲಿಯುತ್ತದೆ, ಕಲಿತರೆ ಇನ್ನಷ್ಟು ಆಡುತ್ತದೆ. ಬರುವುದಿಲ್ಲ ಎಂದುಕೊಂಡ ಮಗು ಬದಿಗೆ ನಿಲ್ಲುತ್ತದೆ, ನಿಂತಷ್ಟೂ ಹಿಂದೆ ಬೀಳುತ್ತದೆ. ಪರದೆಯ ಮುಂದೆ ಹುಟ್ಟಿದ ಧೈರ್ಯ ಎರಡನೆಯ ಸುಳಿಯಿಂದ ಮಗುವನ್ನು ಮೊದಲನೆಯದಕ್ಕೆ ದಾಟಿಸಬಲ್ಲದು. ಆದರೆ ಅದಕ್ಕೊಂದು ಷರತ್ತಿದೆ. ಧೈರ್ಯ ಬಂದ ವಾರದಲ್ಲೇ ನಿಜವಾದ ಚೆಂಡು ಕೈಗೆ ಸಿಗಬೇಕು, ನಗದೆ ಜೊತೆಗೆ ಆಡುವವರು ಸಿಗಬೇಕು.

ಮನೆಗೆ, ಶಾಲೆಗೆ

ಮಗುವಿಗಾಗಿ ಇಂಥ ಆಟ ಕೊಳ್ಳಬೇಕೇ ಎಂದು ಯೋಚಿಸುತ್ತಿರುವ ಪೋಷಕರು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಮಗು ತಪ್ಪು ಮಾಡಿದಾಗ ಅದನ್ನು ತೋರಿಸುವವರು ಯಾರು? ಆಟ ನೋಡುತ್ತಿರುವುದು ಕಾಲನ್ನೋ, ಕೈಯನ್ನೋ, ಬರೀ ರಿಮೋಟನ್ನೋ ಎಂದು ಹತ್ತು ನಿಮಿಷ ನೀವೇ ಆಡಿ ಪರೀಕ್ಷಿಸಿ. ಬೇಕೆಂದೇ ಕೆಟ್ಟದಾಗಿ ಬೀಸಿ ನೋಡಿ. ಆಗಲೂ ಅಂಕ ಬಂದರೆ ಆ ಆಟದಿಂದ ಬೀಸು ಕಲಿಯಲಾಗದು. ಕುಣಿತದ ಆಟ ತಾಳಕ್ಕೆ ಸರಿಯಾಗಿ ಕಾಲಿಡುವುದನ್ನು ಪರಿಶೀಲಿಸುತ್ತದೆ, ಆದ್ದರಿಂದ ಅದನ್ನು ಕಲಿಸಬಲ್ಲದು. ಹಲಗೆಯ ಆಟ ಸಮತೋಲನ ಕಲಿಸಬಲ್ಲದು. ಎಸೆಯುವುದು, ಹಿಡಿಯುವುದು, ಒದೆಯುವುದಕ್ಕೆ ಚೆಂಡೇ ಬೇಕು.

ನಾಳಿನ ಯಂತ್ರಗಳು ಈ ಮಿತಿಯನ್ನು ದಾಟಬಹುದು. ‘ಕಿನೆಕ್ಟ್’ ತಯಾರಿಕೆ 2017ರಲ್ಲಿ ನಿಂತಿತು. ಈಗ ಸಾಮಾನ್ಯ ಮೊಬೈಲಿನ ಕ್ಯಾಮೆರಾ ನೋಡುತ್ತಿರುವಾಗಲೇ ಮೈಮೇಲಿನ 33 ಬಿಂದುಗಳನ್ನು ಗುರುತಿಸುವ ತಂತ್ರಾಂಶಗಳು ಬಂದಿವೆ. ಮಗು ನಿಜವಾದ ಚೆಂಡನ್ನೇ ಎಸೆಯಲಿ, ಎಡಗಾಲು ಮುಂದೆ ಬಂತೇ ಎಂದು ಮೊಬೈಲು ನೋಡಿ ಹೇಳಲಿ. ಯಂತ್ರವನ್ನು ಆಟದ ಮೈದಾನದ ಬದಲಿಗೆ ನಿಲ್ಲಿಸದೆ ಮೈದಾನದ ಅಂಚಿನಲ್ಲಿ ನಿಲ್ಲಿಸುವ ಈ ದಾರಿ ನನಗೆ ಹೆಚ್ಚು ಭರವಸೆಯದಾಗಿ ಕಾಣುತ್ತದೆ.

ಆದರೆ ಆ ಮೈದಾನ ಇರಬೇಕಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕು, ಪ್ರತಿ ತರಗತಿಗೂ ಆಟದ ಸಾಮಾನು ಕೊಡಬೇಕು ಎನ್ನುತ್ತದೆ. ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನು ಅದು ಹೇಳುವುದು 6ರಿಂದ 8ನೇ ತರಗತಿಗೆ, ಅದೂ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ. ಒಂದರಿಂದ ಐದನೇ ತರಗತಿಯ ಪಟ್ಟಿಯಲ್ಲಿ ಅಂಥವರ ಮಾತೇ ಇಲ್ಲ. ಎಸೆಯುವ, ಹಿಡಿಯುವ, ಒಂಟಿಕಾಲಲ್ಲಿ ಜಿಗಿಯುವ ಕೌಶಲಗಳು ಹದಗೊಳ್ಳುವುದು ಹೆಚ್ಚಾಗಿ ಮೂರರಿಂದ ಹತ್ತು ವರ್ಷದ ನಡುವೆ. ಅಂದರೆ ಮೈ ಕಲಿಯಲು ಅತ್ಯಂತ ಸಿದ್ಧವಾಗಿರುವ ವರ್ಷಗಳಲ್ಲಿ ತಪ್ಪು ತೋರಿಸಿಕೊಡುವವರನ್ನು ಕಾನೂನೇ ಕೇಳುತ್ತಿಲ್ಲ. ಮಕ್ಕಳ ಚಲನ ಕೌಶಲದ ಬಗ್ಗೆ ನಿಜವಾದ ಕಾಳಜಿ ಇರುವ ಯಾರೇ ಆಗಲಿ, ಪೋಷಕರ ಸಭೆಯಲ್ಲೋ ಶಾಲಾ ಅಭಿವೃದ್ಧಿ ಸಮಿತಿಯಲ್ಲೋ ಮೊದಲು ಕೇಳಬೇಕಾದದ್ದು ಇದನ್ನೇ: ಒಂದನೇ ತರಗತಿಯ ಮಕ್ಕಳಿಗೆ ವಾರಕ್ಕೆ ಎಷ್ಟು ಗಂಟೆ ಆಟ, ಎಷ್ಟು ಚೆಂಡು, ಅವರ ಎಸೆತ ನೋಡುವವರು ಯಾರು? ಈ ಮೂರಕ್ಕೂ ಉತ್ತರ ಸಿಕ್ಕ ಶಾಲೆ ಬೇಕಿದ್ದರೆ ಒಂದು ಪರದೆಯನ್ನೂ ತರಲಿ, ಅಲ್ಲಿ ಅದು ಉಪಯೋಗಕ್ಕೇ ಬರುತ್ತದೆ.